ಹಣ್ಣಿಗೊಂದು ಟಿಕಲಿ

ನಮ್ಮ ಅತ್ತೆಯ ಮಾವಿನಹಣ್ಣಿಗೂ ಆಧಾರ್ ಕಾರ್ಡು ಬಂದ ವರ್ಷ ಅದು. ಅಂಕೋಲೆ ಹತ್ತಿರ, ಬೇಲೆಕೇರಿಯ ಕಡೆ ಅವಳ ಹಿತ್ತಲಲ್ಲಿ ಒಂದು ಕರಿ ಇಶಾಡದ ಮರವಿದೆ. ತೆಳು ಸಿಪ್ಪೆಯ, ಬಾಯಲ್ಲಿಟ್ಟರೆ ಕರಗುವ ಹಣ್ಣು. ಅಂಕೋಲೆಯವರಿಗೆ ಅದರ ಮುಂದೆ ಆಪೂಸೂ ಲೆಕ್ಕಕ್ಕಿಲ್ಲ. ಕಾರವಾರದ ಸಂತೆಯಲ್ಲೋ, ಸಿಕ್ಕಿದ ಮಾವಿಗೆಲ್ಲ ಇಶಾಡ ಎಂದು ಹೆಸರಿಟ್ಟು ಮಾರುವವರು ಬೇಕಾದಷ್ಟು. ಅತ್ತೆಗೆ ಅದೇ ಹೊಟ್ಟೆಯುರಿ. ತಿಂದವರಿಗೆ ಇದು ತನ್ನ ಮರದ ಅಸಲಿ ಇಶಾಡ ಎಂದು ಗೊತ್ತಾಗಬೇಕು, ಅಷ್ಟೇ ಅವಳ ಆಸೆ.

ಆಗ ಬಂದ, ಹಣ್ಣು ಕೊಳ್ಳುವ ಕಂಪನಿಯವ. ಜಗಲಿಯಲ್ಲಿ ಕೂತು, ಕೊಟ್ಟ ಪಾನಕ ಕುಡಿದು, ಭಾಷಣ ಬಿಗಿದ. ಪ್ರತಿ ಹಣ್ಣಿಗೂ ಒಂದು ಚೌಕದ ಸ್ಟಿಕ್ಕರು ಅಂಟಿಸಬೇಕಂತೆ. ಮೊಬೈಲು ಹಿಡಿದರೆ ಹಣ್ಣು ತನ್ನ ಊರು, ಮರ, ಬಂದ ದಾರಿ ಎಲ್ಲ ತಾನೇ ಹೇಳುತ್ತದಂತೆ. ಹಣೆಗೆ ಅಂಟಿಸುವ ಬೊಟ್ಟನ್ನು ನಮ್ಮ ಕಡೆ ಟಿಕಲಿ ಎನ್ನುತ್ತಾರೆ. ಅತ್ತೆಗೆ ಈ ಸ್ಟಿಕ್ಕರೂ ಟಿಕಲಿಯೇ.

"ಟಿಕಲಿ ಹಚ್ಚೂಕೆ ಏನಡ್ಡಿಲ್ಲಾ ತಮಾ. ಅದ್ರಲ್ಲಿ ಇಶಾಡ ಅಂತ್ ಬರ್ತದೆ ಅಲ್ಲಾ?"

ಅವನು ಮೊಬೈಲಿನಲ್ಲಿ ಬೆರಳಾಡಿಸಿದ. ಆಪೂಸು ಇತ್ತು, ತೋತಾಪುರಿ ಇತ್ತು. ಇಶಾಡ ಇರಲಿಲ್ಲ.

"ಸದ್ಯಕ್ಕೆ 'ಇತರೆ' ಅಂತ ಹಾಕ್ತೀನಮ್ಮ. ಆಮೇಲೆ ಅಪ್‌ಡೇಟ್ ಆಗುತ್ತೆ."

"ಇತರೆ ಅಂದ್ರೆ ಯಾವ ಜಾತಿ ಮಾವು ಮಗಾ?" ಎಂದು ಅತ್ತೆ ನನ್ನನ್ನು ಕೇಳಿದಳು. ಯಾವ ಹಿತ್ತಲಲ್ಲೂ ಬೆಳೆಯದ, ಎಲ್ಲ ಕಚೇರಿಗಳಲ್ಲೂ ಬೆಳೆಯುವ ಜಾತಿ ಎಂದೆ. ಕಂಪನಿಯವನಿಗೆ ನಗು ಬರಲಿಲ್ಲ.

ಸೊನೆಗೆ ಸ್ಟಿಕ್ಕರು ನಿಲ್ಲುತ್ತಿರಲಿಲ್ಲ. ಅತ್ತೆ ಒಂದೊಂದೇ ಹಣ್ಣನ್ನು ಸೆರಗಿನಿಂದ ಒರೆಸಿ, ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಸಿಂಗರಿಸಿ ಕಳಿಸಿದಳು.

ಮರುದಿನ ಕಾರವಾರದ ಮನೆಗೆ ಮರಳಿದ ನನಗೆ ಶುರುವಾಯಿತು ಅತ್ತೆಯ ಫೋನಿನ ಕಾಟ. "ಹಣ್ಣು ಈಗ್ ಎಲ್ಲಿ ಮುಟ್ತು?" ಕಂಪನಿಯವ ಕಳಿಸಿದ ಲಿಂಕನ್ನು ನಾನು ಮೊಬೈಲಿನಲ್ಲಿ ನೋಡಿ ಹೇಳಬೇಕು. ಹುಬ್ಬಳ್ಳಿ. ತಂಪು ಕೋಣೆ. ಬೆಂಗಳೂರು. ಮತ್ತೆ ತಂಪು ಕೋಣೆ. ಲಾರಿಯೊಳಗೆ ಚಳಿ ಎಷ್ಟು ಎಂಬುದೂ ಬರುತ್ತಿತ್ತು.

"ಅಯ್ಯೋ ದೇವ್ರೇ, ಇಶಾಡಕ್ಕೆ ಥಂಡಿ ಆಗೂದಿಲ್ಲಾ ಮಗಾ! ಹುಲ್ಲಲ್ಲಿ ಬೆಚ್ಚಗೆ ಇಡ್ಬೇಕು," ಎಂದು ಅವಳು ಫೋನಿನಲ್ಲೇ ಗೋಳಾಡಿದಳು. ಆ ಗೋಳನ್ನು ಅಂಟಿಸಲು ಕಂಪನಿಯ ಹತ್ತಿರ ಸ್ಟಿಕ್ಕರು ಇರಲಿಲ್ಲ.

ಕೊನೆಗೆ ಹಣ್ಣು ಬೆಂಗಳೂರಿನಿಂದ ಹೊರಟಿತು. ಎಲ್ಲಿಗೆ? ಘಟ್ಟ ಇಳಿದು ಕಾರವಾರಕ್ಕೆ! ನಮ್ಮ ಮನೆಯ ಹತ್ತಿರ ಹೊಸದಾಗಿ ತೆರೆದ ಎಸಿ ಅಂಗಡಿಗೆ! ಅಂಕೋಲೆಯಲ್ಲಿ ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಸುವಷ್ಟರಲ್ಲಿ ಕಾರವಾರ ಬರುತ್ತದೆ. ಅಷ್ಟಕ್ಕೆ ಈ ಪುಣ್ಯಾತ್ಮರು ಹಣ್ಣನ್ನು ರಾಜಧಾನಿಯವರೆಗೆ ಯಾತ್ರೆ ಮಾಡಿಸಿದ್ದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರೂ ಇಷ್ಟು ಡೀಸೆಲ್ ಸುಟ್ಟಿರಲಿಕ್ಕಿಲ್ಲ.

ಸುದ್ದಿ ಕೇಳಿ ಅತ್ತೆ ಮೊದಲ ಬಸ್ಸಿಗೇ ಬಂದಳು. ಅಂಗಡಿಯವನೇ ಬರೆದಿಟ್ಟ 'ಇಶಾಡ' ಎಂಬ ಚೀಟಿಯ ಕೆಳಗೆ ಹಣ್ಣುಗಳು ಪ್ಲಾಸ್ಟಿಕ್ಕು ಹೊದ್ದು, ಟಿಕಲಿ ಸಮೇತ ಮಲಗಿದ್ದವು. ಮೊಬೈಲು ಹಿಡಿದೆ. ಊರಿನ ಹೆಸರಿತ್ತು. ಅತ್ತೆಯ ಹೆಸರಿನ ಜಾಗದಲ್ಲಿ ಒಂದು ನಂಬರಿತ್ತು. ತಳಿ: ಇತರೆ. ಸ್ಥಿತಿ: ತಾಜಾ. ಒಂದನ್ನು ಕೊಂಡು ಅಲ್ಲೇ ಕೊಯ್ದೆವು. ಗೊರಟೆಯ ಸುತ್ತ ಕಪ್ಪಗಾಗಿತ್ತು.

ಅಂಗಡಿಯವನು ಹೋಳಿನ ಕಡೆ ತಿರುಗಿಯೂ ನೋಡದೆ ತನ್ನ ಪರದೆ ತೋರಿಸಿದ. "ಸಿಸ್ಟಮ್‌ನಲ್ಲಿ ಹಸಿರು ತೋರಿಸ್ತದೆ ಸರ್. ಹಣ್ಣು ಹಾಳಾಗೂಕೆ ಚಾನ್ಸೇ ಇಲ್ಲ."

"ತಿಂದವ್ರು ಇಶಾಡ ಅಂದ್ರೆ ಇದೇ ಅಂದ್ಕೊಳ್ತ್ರಲ್ಲಾ ಮಗಾ," ಎಂದಳು ಅತ್ತೆ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಮುಂದಿನ ಭಾನುವಾರ ನೋಡಿದರೆ ಅತ್ತೆ ಸಂತೆ ಬಿಟ್ಟು ಆ ಅಂಗಡಿಯ ಎದುರಿಗೇ ಬುಟ್ಟಿಯಿಟ್ಟು ಕೂತಿದ್ದಾಳೆ! ಬುಟ್ಟಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಮರದಲ್ಲುಳಿದಿದ್ದ ಇಶಾಡ. ಒಂದೊಂದು ಹಣ್ಣಿಗೂ ಒಂದೊಂದು ಕೆಂಪು ಟಿಕಲಿ, ಅವಳ ಹಣೆಯ ಮೇಲಿದ್ದಂಥದ್ದೇ. ಅಂಗಡಿಗೆ ಬಂದ ಗಿರಾಕಿಯೊಬ್ಬ, ಪಾಪ, ಬಗ್ಗಿ ಮೊಬೈಲನ್ನು ಆ ಟಿಕಲಿಯ ಮೇಲೆ ಹಿಡಿದು ಆಚೀಚೆ ತಿರುಗಿಸುತ್ತಿದ್ದ.

"ಏನೂ ಬರ್ತಾನೇ ಇಲ್ವಲ್ಲಮ್ಮ?"

"ನಾ ಬಂದೆ ಅಲ್ಲಾ ತಮಾ," ಎಂದಳು ಅತ್ತೆ. "ಹಣ್ಣು ಹಾಳಿದ್ರೆ ಬಾ, ಬೈಯೂಕೆ. ಇಲ್ಲೇ ಕೂತಿರ್ತೆ."