ಗುಮ್ಮಟ ಕಂಡರೆ ಬೀಳುವ ಕಾರು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಓಡಿಸುವವರ ಪಕ್ಕದಲ್ಲಿ ಕೂತು ಓಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರನ್ನು ಬೀದರಿನಲ್ಲಿ ನಾನಿನ್ನೂ ಕಂಡಿಲ್ಲ. ಎದುರಿಗೆ ಬರುವ ಲಾರಿ, ಬರದೇ ಇರುವ ಲಾರಿ, ಮುಂದಿನ ವಾರ ಬರಬಹುದಾದ ಲಾರಿ, ಮೂರನ್ನೂ ಒಂದೇ ದನಿಯಲ್ಲಿ ಸಾರುತ್ತೇನೆ.

ಈ ವಿದ್ಯೆಗೆ ವರ್ಷಗಟ್ಟಲೆ ಕಿವಿಗೊಟ್ಟವಳು ನನ್ನ ಹೆಂಡತಿ ಸುನಂದಾ. ನೌಬಾದದ ನಮ್ಮ ಮನೆಯಿಂದ ಭಾತಂಬ್ರಾದ ಶಾಲೆಗೆ ಪಾಠ ಹೇಳಲು ಅವಳೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ನಾನು ಔರಾದಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುವವನು. ಬಸ್ಸಿನ ಡ್ರೈವರು ನನ್ನ ಮಾತು ಕೇಳುವುದಿಲ್ಲ, ಅದೊಂದೇ ಕೊರತೆ.

ಕಳೆದ ಬೇಸಿಗೆಯಲ್ಲಿ ಇಬ್ಬರೂ ಭಾಲ್ಕಿಗೆ ಮದುವೆಗೆಂದು ಹೊರಟಿದ್ದೆವು. ದಾರಿಯಲ್ಲಿ ನಾನು "ಕುರಿ! ಕುರಿ!" ಎಂದು ಕೂಗಿದೆ. ಅವಳು ಗಾಬರಿಯಾಗಿ ಸ್ಟೇರಿಂಗ್ ತಿರುಗಿಸಿದಳು. ಕಾರು ರಸ್ತೆ ಬದಿಯ ತಗ್ಗಿಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕುರಿಗಳಂತೂ ದೂರದ ಹೊಲದಲ್ಲಿ ತಲೆ ಎತ್ತದೆ ಮೇಯುತ್ತಿದ್ದವು. ಅವನ್ನು ಕಾಯುತ್ತಿದ್ದ ಮುದುಕ ಬಂದು, "ಯಾರಿಗಿ ಕರದ್ರಿ ಸಾಹೇಬ್ರ?" ಎಂದು ಕೇಳಿದ.

ಅಂದಿನಿಂದ ಸುನಂದಾ ಸ್ಟೇರಿಂಗ್ ಮುಟ್ಟಲಿಲ್ಲ. ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗಿ, ಹಿಂಡಿದ ಬಟ್ಟೆಯಂತಾಗಿ ಮರಳುತ್ತಿದ್ದಳು. "ಕೀಲಿ ಹಿಡದ್ರ ಕೈ ನಡಗ್ತಾವ್ರಿ. ಮಾರಿಬಿಡ್ರಿ," ಎಂದಳು ಕೊನೆಗೆ. ಕಮಠಾಣದವರೊಬ್ಬರು ಭಾನುವಾರ ಕಾರು ನೋಡಲು ಬರುವುದೆಂದು ನಿಶ್ಚಯವಾಯಿತು. ತಪ್ಪು ಯಾರದೆಂದು ನನಗೆ ಚೆನ್ನಾಗಿ ತಿಳಿದಿತ್ತು. ಊರಿನ ಎಲ್ಲ ಅಪಾಯಗಳನ್ನೂ ಕೂಗಿ ಹೇಳುವ ನನಗೆ ಅದೊಂದನ್ನು ಹೇಳಲು ಬಾಯಿ ಬರಲಿಲ್ಲ.

ಆ ವಾರವೇ ರಜೆಗೆ ಬಂದ ಮಗಳು ರಂಜಿತಾ ಟೀವಿಗೆ ಒಂದು ವಿಡಿಯೋ ಆಟ ಜೋಡಿಸಿದಳು. ತೆರೆಯ ಮೇಲೆ ರಿಮೋಟಿನ ಆಟಿಕೆ ಕಾರುಗಳ ರೇಸು. ಅಂಗೈಯಷ್ಟು ಕಾರು, ಅದಕ್ಕೆ ಅಡುಗೆಮನೆಯೇ ಒಂದು ತಾಲೂಕು, ಮಂಚದ ಕೆಳಗೆ ಸುರಂಗ, ಒಂದು ಚಪ್ಪಲಿ ಅಡ್ಡ ಬಿದ್ದರೆ ರಸ್ತೆ ಬಂದ್. ಸಣ್ಣವರ ಕಣ್ಣಿಗೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಈ ವಿಷಯದಲ್ಲಿ ನನಗೂ ಆ ಕಾರಿಗೂ ಹಳೆಯ ನೆಂಟಸ್ತಿಕೆ.

ನಾನೇ ಮೊದಲು ಆಡಲು ಕೂತೆ. ಕಾರು ಮನೆ ದಾಟಿ ಬೀದಿಗೆ ಬಂತು. ತಿರುವಿನಲ್ಲಿ ಒಂದು ಗುಮ್ಮಟ ಕಂಡಿತು. ನನ್ನ ಬಲಗೈ ತಾನಾಗಿ ಎದ್ದು ಹಣೆಗೆ, ಎದೆಗೆ ಮುಟ್ಟಿತು. ಕಾರು ಚರಂಡಿಗೆ ಬಿತ್ತು.

ಇದನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ. ಬೀದರಿನಲ್ಲಿ ಗುಮ್ಮಟಗಳಿಗೆ ಬರವಿಲ್ಲ. ಯಾವುದರ ಕೆಳಗೆ ಸುಲ್ತಾನ, ಯಾವುದರ ಕೆಳಗೆ ಸಂತ ಎಂದು ಓಡುವ ಬಸ್ಸಿನಿಂದ ಹೇಳಲಾಗದು. ಹಾಗಾಗಿ ನಾನು ಯಾವುದನ್ನೂ ಬಿಡದೆ ಎಲ್ಲಕ್ಕೂ ಕೈ ಮುಗಿಯುತ್ತೇನೆ. ಒಮ್ಮೆ ನೀರಿನ ಟಾಕಿಗೂ ಮುಗಿದಿದ್ದೆ. ಅದೂ ಕೈಬಿಟ್ಟಿಲ್ಲ, ದಿನ ಬಿಟ್ಟು ದಿನ ನೀರು ಬರುತ್ತದೆ.

ಪ್ರತಿ ಸುತ್ತಿನಲ್ಲೂ ಗುಮ್ಮಟ ಬಂತು, ಪ್ರತಿ ಸುತ್ತಿನಲ್ಲೂ ಬಿದ್ದೆ. ಮಗಳು ನಕ್ಕು ನಕ್ಕು ಸೋಫಾದ ಮೇಲೆ ಉರುಳಿದಳು. ರೊಟ್ಟಿ ಬಡಿಯುತ್ತಿದ್ದ ಸುನಂದಾ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಅದೇನ್ ಭಕ್ತಿರಿ ನಿಮ್ದು! ಕೊಡ್ರಿ ಇತ್ಲಾಗ."

ಸೆರಗಿಗೆ ಕೈ ಒರೆಸಿ ರಿಮೋಟು ಕಿತ್ತುಕೊಂಡಳು. ಗುಮ್ಮಟವನ್ನು ಕಣ್ಣೆತ್ತಿಯೂ ನೋಡದೆ ದಾಟಿದಳು. ನನಗೆ ತಡೆಯಲಾಗಲಿಲ್ಲ. "ಎಡಕ್! ಬೆಕ್ಕು! ಬೆಕ್ಕು!" ಎಂದೆ. ಅವಳ ಕಾರು ಗೋಡೆಗೆ ಬಡಿಯಿತು.

"ಪಪ್ಪಾ, ಮಮ್ಮಿ ನೀ ಒದರಿದಾಗಷ್ಟೇ ಬೀಳ್ಲತ್ತಾಳ ನೋಡು," ಎಂದಳು ರಂಜಿತಾ.

ಮಗಳು ನಗುತ್ತಲೇ ಹೇಳಿದ್ದಳು. ನಾನು ನಗಲಿಲ್ಲ. ಬಟ್ಟಲಲ್ಲಿದ್ದ ಹುರಿದ ಶೇಂಗಾವನ್ನೆಲ್ಲ ಬಾಯಿಗೆ ತುಂಬಿಕೊಂಡು ಕೂತೆ. ಸುನಂದಾ ಒಂದು ಸುತ್ತು ಹೊಡೆದಳು, ಎರಡು ಹೊಡೆದಳು, ಎಲ್ಲೂ ಬೀಳಲಿಲ್ಲ. ಕೈ ನಡುಗಲಿಲ್ಲ. ಮೂರನೆಯ ಸುತ್ತಿನಲ್ಲಿ ಶೇಂಗಾ ನುಂಗಿ ಹೇಳಿದೆ: "ಅವತ್ತ ರಸ್ತೆ ಮ್ಯಾಲ ಕುರಿ ಇರ್ಲಿಲ್ಲ. ತಪ್ಪು ನಂದೇ."

ಅವಳು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತದರಿ. ನೀವ್ ಯಾವಾಗ ಹೇಳ್ತೀರಿ ಅಂತ ನೋಡ್ಲತ್ತಿದ್ದೆ."

ಭಾನುವಾರ ಕಮಠಾಣದವರು ಹೇಳಿದ ಹೊತ್ತಿಗೆ ಬಂದರು. ಅಂಗಳವೆಲ್ಲ ನೋಡಿ, "ಗಾಡಿ ಎಲ್ಲದರಿ ಸರ್?" ಎಂದರು.

"ಭಾಲ್ಕಿಗಿ ಹೋಗ್ಯಾದರಿ."

ಸುನಂದಾ ಬೆಳಿಗ್ಗೆಯೇ ಕೀಲಿ ತೆಗೆದುಕೊಂಡು, ನನ್ನನ್ನು ಕರೆಯದೆ, ಒಬ್ಬಳೇ ತಂಗಿಯ ಮನೆಗೆ ಹೊರಟುಬಿಟ್ಟಿದ್ದಳು. ಬಂದವರಿಗೆ ಚಹಾ ಕೊಟ್ಟು ಕ್ಷಮೆ ಕೇಳುತ್ತಿರುವಾಗ ಫೋನು ಬಂತು.

"ಭಾಲ್ಕಿಗಿ ಮುಟ್ಟಿದೆರಿ. ದಾರ್ಯಾಗ ಒಬ್ಬರೂ ಒದರಲಿಲ್ಲ ನೋಡ್ರಿ. ಜರಾ ಬ್ಯಾಸರಾಯ್ತು," ಎಂದಳು.

ಯಾರು ಮಾಡಿದ ಆಟವೋ, ಅವರ ಹೊಟ್ಟೆ ತಣ್ಣಗಿರಲಿ. ನಾನು ಚಿಂತಿಸುವುದನ್ನೇನೂ ಬಿಟ್ಟಿಲ್ಲ. ಈಗ ಬಾಯಿ ಮುಚ್ಚಿಕೊಂಡು ಚಿಂತಿಸುತ್ತೇನೆ, ಅಷ್ಟೇ. ಕಮಠಾಣದವರ ಕಪ್ಪಿಗೆ ಇನ್ನಷ್ಟು ಚಹಾ ಸುರಿದೆ. ಅವರು ಬೇಡವೆನ್ನುವಷ್ಟರಲ್ಲಿ ಅದು ಕೆಳಗಿನ ಬಸಿಗೂ ಉಕ್ಕಿ ತುಂಬಿತ್ತು.