ರೇಡಿಯೋ ಅಮ್ಮಾವನ್ ಉಣ್ಣದೆ ಎದ್ದ ದಿನ

ಮೊನ್ನೆ ಚಟ್ನಿಪುಡಿ ಮಾಡೋಣ ಅಂತ ಮಿಕ್ಸಿ ಹಾಕಿದೆ. ನನ್ನ ಹಾಗೇ ವಯಸ್ಸಾದ ಮಿಕ್ಸಿ. ಎರಡು ಸುತ್ತಿಗೇ ಬಿಸಿಯಾಗಿ ಧೂಳು ಸುಟ್ಟ ವಾಸನೆ ಬಿಟ್ಟಿತು. ಕೊಬ್ಬರಿ, ಬೆಳ್ಳುಳ್ಳಿ ಎಲ್ಲ ಪಕ್ಕಕ್ಕಿರಲಿ, ನನ್ನ ಮೂಗಿಗೆ ಬಂದದ್ದು ನಮ್ಮ ಮನೆಯ ವಾಲ್ವ್ ರೇಡಿಯೋ. ಹಾಕಿದ ಕೂಡಲೇ ಅದು ಹೀಗೇ ನಾರುತ್ತಿತ್ತು, ಆಮೇಲೆ ಗೊರಗೊರ ಅನ್ನುತ್ತಿತ್ತು, ಆಮೇಲೆ ಅದರೊಳಗಿಂದ ಅವರು ಕೆಮ್ಮುತ್ತಿದ್ದರು… ಸ್ವಿಚ್ ಆರಿಸಿ, ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತೆ. ಐವತ್ತು ವರ್ಷದ ಹಿಂದಿನ ನಾಚಿಕೆ, ಇನ್ನೂ ಕಿವಿ ಬಿಸಿ ಮಾಡುತ್ತೆ ನೋಡಿ.

ಅರವತ್ತರ ದಶಕದಲ್ಲಿ ಅಪ್ಪನಿಗೆ ಮೈಸೂರಿಂದ ಕೊಚ್ಚಿಗೆ ವರ್ಗವಾಯಿತು. ಬ್ಯಾಂಕಿನ ಕೆಲಸ. ಎಡಪ್ಪಳ್ಳಿಯಲ್ಲಿ ಮನೆ, ಆಗ ಅಲ್ಲಿ ಗದ್ದೆ, ತೆಂಗು, ಸೊಳ್ಳೆ ಬಿಟ್ಟರೆ ಇನ್ನೇನಿತ್ತು? ಅಪ್ಪ ಇಂಗ್ಲಿಷಿನಲ್ಲೇ ದಿನ ತಳ್ಳಿದರು. ನಾನು ಸ್ಕೂಲಿಗೆ ಹೋಗಿ ಬೇಗ ಮಲಯಾಳ ಕಲಿತೆ. ಅಮ್ಮನಿಗೆ ಮಾತ್ರ ಮೇಷ್ಟ್ರು ಯಾರೂ ಇರಲಿಲ್ಲ, ರೇಡಿಯೋ ಒಂದನ್ನು ಬಿಟ್ಟು.

ವಾರಕ್ಕೊಂದು ಸಂಜೆ ರೇಡಿಯೋದಲ್ಲಿ ಒಂದು ಮನೆತನದ ನಾಟಕ ಬರುತ್ತಿತ್ತು. ಆ ಮನೆಯ ಯಜಮಾನ ಒಬ್ಬ ಎಂಬತ್ತರ ಮುದುಕ, ಎಲ್ಲರಿಗೂ ಸೋದರಮಾವ. ಅದಕ್ಕೇ ಎಲ್ಲರೂ ಅವನನ್ನು ಅಮ್ಮಾವನ್ ಅನ್ನುತ್ತಿದ್ದರು. ಮೊದಲು ಕೆಮ್ಮು, ಆಮೇಲೆ ಉದ್ದಕ್ಕೆ ಎಳೆದ “ಶಿವ ಶಿವಾ… ಕಲಿಕಾಲಂ!” ಆಮೇಲೆ ಮನೆಯವರಿಗೆಲ್ಲ ಮಂಗಳಾರತಿ. ಆ ಹೊತ್ತಿಗೆ ಬೀದಿಯೇ ಖಾಲಿಯಾಗುತ್ತಿತ್ತು. ಅಮ್ಮ ಹುರುಳಿಕಾಯಿ ಹೆಚ್ಚುತ್ತ ಅಮ್ಮಾವನ್ ಅಂದದ್ದನ್ನೆಲ್ಲ ಹಾಗೇ ಅನ್ನುತ್ತಿದ್ದಳು. ಕೆಮ್ಮು ಸಮೇತ!

ಪರಿಣಾಮ ಏನಾಯಿತು ಅಂದರೆ, ಹಾಸನದ ಕಡೆಯ ಈ ಮೆದು ಮಾತಿನ ಹೆಂಗಸು ಬಾಯಿಬಿಟ್ಟರೆ ಮಲಯಾಳದ ಹಳೇ ಜಮೀನ್ದಾರ. ಒಂದು ದಿನ ಹಾಲಿನವನಿಗೆ, “ಎಡಾ ವಿಡ್ಢೀ, ಇದು ಪಾಲಲ್ಲ, ಪಚ್ಚವೆಳ್ಳಂ! ಶಿವ ಶಿವಾ… ಕಲಿಕಾಲಂ!” ಅಂದಳು. ಪೆದ್ದೇ, ಇದು ಹಾಲಲ್ಲ, ಬರೀ ನೀರು ಅಂತ. ಅವನು ಕ್ಯಾನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನಂತೂ ಅವಳ ಬಾಯಿಂದ ಅದನ್ನು ಕೇಳಿದಾಗಲೆಲ್ಲ ನಗುತ್ತಿದ್ದರು. ನನಗೋ, ಗೆಳತಿಯರು ಮನೆಗೆ ಬಂದರೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

“ಅಮ್ಮಾ, ಹಾಗೆ ಯಾರೂ ಮಾತಾಡಲ್ಲ” ಅಂದರೆ, “ಯಾರೂ ಮಾತಾಡಲ್ವಾ? ಅಷ್ಟು ದೊಡ್ಡ ಮನುಷ್ಯರು ರೇಡಿಯೋದಲ್ಲಿ ಮಾತಾಡ್ತಾರೆ. ನಗೋರು ನಗಲಿ ಬಿಡೇ, ಕೆಲಸ ಆಗುತ್ತಲ್ಲ” ಅನ್ನುತ್ತಿದ್ದಳು.

ಹೆಸರು ಹಾಗೆ ಮೇಲಿದ್ದಾಗಲೇ, ಅಮ್ಮಾವನ್‌ಗೆ ಧ್ವನಿ ಕೊಡುತ್ತಿದ್ದ ನಟರು ರೇಡಿಯೋ ಬಿಟ್ಟರು. ಮದರಾಸಿಂದ ಸಿನಿಮಾದವರು ಕರೆದರಂತೆ. ನಾಟಕದಲ್ಲಿ ಅಮ್ಮಾವನ್ ಕಾಶಿಗೆ ಹೊರಟುಹೋದ. ಕೆಲವು ವಾರ ಕಳೆದು ಹಿಂತಿರುಗಿದಾಗ ಧ್ವನಿ ಬೇರೆಯವರದು. ಜನ ಎರಡು ವಾರ ಗೊಣಗಿದರು, ಆಮೇಲೆ ಒಗ್ಗಿಹೋಯಿತು. ನಮ್ಮಮ್ಮ ಒಗ್ಗಲಿಲ್ಲ. “ಕಾಶಿಗೆ ಹೋದೋನು ಬೇರೆ, ಬಂದೋನು ಬೇರೆ” ಅಂತ ರೇಡಿಯೋ ಆರಿಸಿದವಳು ಆ ನಾಟಕವನ್ನು ಮತ್ತೆ ಹಾಕಲೇ ಇಲ್ಲ.

ಎಪ್ಪತ್ತರ ನಂತರ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಒಂದು ಸಂಜೆ ತಂಪಾನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದೆವು. ಮೈಕಿನಲ್ಲಿ ಯಾರೋ ಕೂಗುವುದು ಕೇಳಿ ಅಮ್ಮ ಗಕ್ಕನೆ ನಿಂತಳು. “ಅಮ್ಮಾವನ್ ಕಣೇ!”

ನೋಡಿದರೆ ಒಂದು ಪುಟ್ಟ ಮೇಜು, ಮೇಲೆ ಲಾಟರಿ ಟಿಕೆಟ್ಟು, ಮೈಕ್. ಮೈಕಿನ ಹಿಂದೆ ಕುಳ್ಳಗೆ, ತೆಳ್ಳಗೆ, ನಲವತ್ತೂ ತುಂಬದ ಒಬ್ಬರು. ಎಂಬತ್ತರ ಧ್ವನಿಗೆ ಆ ಮುಖ ಹೊಂದದೆ ಸಿನಿಮಾದಲ್ಲಿ ಜನ ತಪ್ಪಾದ ಜಾಗದಲ್ಲಿ ನಕ್ಕರಂತೆ. ರೇಡಿಯೋಗೆ ವಾಪಸು ಬಂದರೆ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದರಂತೆ. ಈಗ ಲಾಟರಿ ಕೂಗುತ್ತಿದ್ದರು, ಮುದುಕನ ಎಳೆತವಿಲ್ಲದ ಸಾದಾ ಧ್ವನಿಯಲ್ಲಿ; ಆದರೂ ಅಮ್ಮನ ಕಿವಿಗೆ ಗುರುತು ಸಿಕ್ಕಿತ್ತು. ಟ್ಯಾಕ್ಸಿಯವರು ಆಚೆಯಿಂದ ಕೆಮ್ಮಿ “ಕಲಿಕಾಲಂ!” ಅಂತ ಛೇಡಿಸಿದರು. ಮೈಕ್ ಹಿಡಿದವರ ಮುಖ ಕಪ್ಪಿಟ್ಟಿತು. ಅಮ್ಮ ಮಾತ್ರ, “ನೋಡೇ, ಜನಕ್ಕೆ ಇನ್ನೂ ಎಷ್ಟು ಪ್ರೀತಿ!” ಅಂದಳು.

ಅಮ್ಮನ ಹಟಕ್ಕೆ ಅಪ್ಪ ಅವರನ್ನು ಭಾನುವಾರ ಊಟಕ್ಕೆ ಕರೆದರು. ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟು, ಗಂಜಿ ಹಾಕಿದ ಜುಬ್ಬಾ ತೊಟ್ಟು ಬಂದರು. ಅಮ್ಮ ಬೆಳಗ್ಗೆಯಿಂದ ಒಲೆ ಮುಂದೆ. ಒಬ್ಬಟ್ಟು, ಹುಳಿ, ಕೋಸಂಬರಿ. ಎಲೆ ಮುಂದೆ ಕೂತು ಅವರು ಅಪ್ಪನ ಹತ್ತಿರ ಮನಸ್ಸು ಬಿಚ್ಚಿದರು. ಬುಧವಾರ ರೇಡಿಯೋದಲ್ಲಿ ಹೊಸ ನಾಟಕಕ್ಕೆ ಧ್ವನಿ ಪರೀಕ್ಷೆ. ಒಂದೇ ಷರತ್ತು, ಹಳೇ ಅಮ್ಮಾವನ್ ಎಲ್ಲೂ ಇಣುಕಬಾರದು.

“ದಿನಾ ಬೆಳಗ್ಗೆ ಎದ್ದು ಆ ಮುದುಕನನ್ನ ಗಂಟಲಿಂದ ಓಡಿಸ್ತಿದೀನಿ ಸಾರ್. ಈಗ ಹೋಗಿದಾನೆ ಅನ್ಸುತ್ತೆ” ಅಂದರು. ಎಷ್ಟು ಆಸೆಯಿತ್ತು ಆ ಮುಖದಲ್ಲಿ…

ಒಳಗಿದ್ದ ಅಮ್ಮನಿಗೆ ಇದೊಂದೂ ಕೇಳಿರಲಿಲ್ಲ. ತುಪ್ಪದ ಗಿಂಡಿ, ಒಬ್ಬಟ್ಟಿನ ತಟ್ಟೆ ಹಿಡಿದು ಬಂದಳು. ಅವರು ಸಾಕು ಅಂತ ಎಲೆಗೆ ಕೈ ಅಡ್ಡ ಇಟ್ಟರು. ಅಮ್ಮನಿಗೆ ಉಪಚಾರ ಮಾಡದಿದ್ದರೆ ಆದೀತೆ? ಗುರುಗಳ ಮುಂದೆ ಪಾಠ ಒಪ್ಪಿಸುವ ಭಕ್ತಿಯಿಂದ ಮೊದಲು ಕೆಮ್ಮಿದಳು. ಆಮೇಲೆ, “ಛೀ! ಎಂತಾಡಾ ಇದು? ಶಿವ ಶಿವಾ… ಕಲಿಕಾಲಂ! ನಿರಯೆ ಉಣ್ಣಡಾ, ವಿಡ್ಢೀ!” ಅಂದಳು. ಹೊಟ್ಟೆ ತುಂಬ ಉಣ್ಣೋ, ಪೆದ್ದೇ ಅಂತ.

ಅದೇ ಎಳೆತ, ಅದೇ ಗಂಟಲು. ಅಪ್ಪನಿಗೆ ರೂಢಿಯ ನಗು ಉಕ್ಕಿಬಿಟ್ಟಿತು. ತಡೆಯೋಕೆ ಹೋಗಿ ಇನ್ನಷ್ಟು ಜೋರಾಗಿ ನಕ್ಕರು.

ಅವರ ಕೈ ಎಲೆಯ ಮೇಲೇ ನಿಂತಿತು. ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು. “ಚೇಚೀ, ನೀವೂನಾ?” ಅಂತ, ಅಕ್ಕನನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿ, ಎದ್ದು, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟುಹೋದರು. ಅಪ್ಪ ಗೇಟಿನವರೆಗೆ ಹಿಂದೆ ಓಡಿದರು. ಅವರು ತಿರುಗಲಿಲ್ಲ.

“ಯಾಕೆ, ಹುಳಿಗೆ ಉಪ್ಪು ಜಾಸ್ತಿಯಾಯ್ತಾ?” ಅಂದಳು ಅಮ್ಮ. ಅಪ್ಪ ಬಿಡಿಸಿ ಹೇಳಿದರು. ಕೇಳುತ್ತ ಕೇಳುತ್ತ ಅವಳು ಗೋಡೆಗೊರಗಿ ಕುಸಿದಳು. “ಅಯ್ಯೋ ಶಿವನೇ… ನನಗೆ ಬರೋದೇ ಅದೊಂದು ಮಲಯಾಳ ಅಲ್ವೇನ್ರೀ?”

ಬುಧವಾರದೊಳಗೆ ಹೇಳಲೇಬೇಕು ಅಂತ ಸೋಮವಾರ ನನ್ನನ್ನು ಕಟ್ಟಿಕೊಂಡು ತಂಪಾನೂರಿಗೆ ಹೊರಟಳು. ಬಸ್ಸಿನಲ್ಲಿ ಒಂದೇ ಒಂದು ಮಾತು ಕಲಿಸಿದೆ, “ಕ್ಷಮಿಕ್ಕಣಂ.” ಕ್ಷಮಿಸಬೇಕು ಅಂತ. ಏನು ಮಾಡಿದರೂ ಅದು ಮುದುಕನ ಎಳೆತದಲ್ಲೇ ಬಂತು! ಮುಂದೆ ಕೂತಿದ್ದವರು ತಿರುಗಿ ನಕ್ಕರು. ಅಮ್ಮ ಸೆರಗು ಬಾಯಿಗೊತ್ತಿಕೊಂಡಳು. “ನೀನೇ ಹೇಳೇ. ನಾನು ಬಾಯಿ ತೆಗೆಯಲ್ಲ.”

ನಾನು ಹೇಳಿದೆ. ನಮ್ಮಮ್ಮ ಅಣಕಿಸಲಿಲ್ಲ, ಅವಳಿಗೆ ಮಲಯಾಳ ಕಲಿಸಿದ್ದೇ ನಿಮ್ಮ ನಾಟಕ, ನೀವು ಬಿಟ್ಟ ಮೇಲೆ ಅವಳು ಅದನ್ನು ಕೇಳಲೇ ಇಲ್ಲ, ಎಲ್ಲಾ ಹೇಳಿದೆ. ಅವರು ಮೈಕ್ ಆರಿಸಿ ಪೂರ್ತಿ ಕೇಳಿಸಿಕೊಂಡರು. ನಂಬಬೇಕು ಅಂತ ಅವರಿಗೂ ಇತ್ತೋ ಏನೋ. ಅಮ್ಮನ ಕಡೆ ತಿರುಗಿ, “ಹೌದಾ ಚೇಚೀ? ನೀವೇ ಹೇಳಿ” ಅಂದರು.

ಅಮ್ಮ ತಲೆ ತಗ್ಗಿಸಿ ನಿಂತಳು. ಸೆರಗು ಬಾಯಿಗೇ ಒತ್ತಿತ್ತು, ಕಣ್ಣಲ್ಲಿ ನೀರು. ತಲೆ ಅಲ್ಲಾಡಿಸೋಕೂ ಹೆದರಿದಳು. ಅವರು ಕಾದರು… ಸೆರಗಿನ ಹಿಂದೆ ನಗು ಅದುಮಿಟ್ಟಿದ್ದಾಳೆ ಅಂದುಕೊಂಡರು ಅಂತ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. “ಸರಿ, ಹೋಗಿಬನ್ನಿ” ಅಂದು ಮತ್ತೆ ಮೈಕ್ ಹಾಕಿದರು.

ಬುಧವಾರ ಪರೀಕ್ಷೆಗೆ ಹೋಗಿದ್ದರಂತೆ. ಎರಡು ಸಾಲು ಓದುವಷ್ಟರಲ್ಲಿ ಕೆಮ್ಮು ಬಂತಂತೆ, ಕೆಮ್ಮಿನ ಹಿಂದೆ ಮುದುಕನೂ ಬಂದನಂತೆ. ಅಪ್ಪನಿಗೆ ಬ್ಯಾಂಕಿನಲ್ಲಿ ಯಾರೋ ನಗುತ್ತ ಹೇಳಿದರು. ಅಪ್ಪ ಈ ಸಲ ನಗಲಿಲ್ಲ. ಮುಂದಿನ ವಾರ ಆ ಮೇಜಿನಲ್ಲಿ ಬೇರೆ ಯಾರೋ ಇದ್ದರು. ಅವರು ಎಲ್ಲಿಗೆ ಹೋದರು ಅಂತ ಕೇಳೋಕೆ ನಮಗೆ ಮುಖ ಇರಲಿಲ್ಲ.

ಅಮ್ಮ ಆಮೇಲೆ ಬದುಕಿದ್ದಷ್ಟು ಕಾಲ ಈ ತಿರುವನಂತಪುರದಲ್ಲೇ ಇದ್ದಳು. ತರಕಾರಿಯವರಿಗೆ ಬೆರಳು ತೋರಿಸುತ್ತಿದ್ದಳು, ಡಾಕ್ಟರಿಗೆ ನಾನು ಹೇಳುತ್ತಿದ್ದೆ. ಮಲಯಾಳದ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ. ಈಗ ಅವಳೂ ಇಲ್ಲ, ಅಪ್ಪನೂ ಇಲ್ಲ. ನನ್ನ ವಯಸ್ಸಿನವರನ್ನು ಕೇಳಿದರೆ ಅವರಿಗೆ ನೆನಪಿರುವುದು ಕಾಶಿಯಿಂದ ವಾಪಸು ಬಂದವನ ಧ್ವನಿ.

ಸ್ಟೂಲಿನ ಮೇಲೆ ಹಾಗೇ ಕೂತಿದ್ದಾಗ ಮೊಮ್ಮಗಳು ಬಂದಳು, ಇಷ್ಟನ್ನೂ ಅವಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತೆ, ಆಡೋದು ಮಲಯಾಳ. “ಅವರು ಹೇಗೆ ಮಾತಾಡ್ತಿದ್ರು ಅಮ್ಮೂಮ್ಮಾ? ಒಂದ್ಸಲ ಮಾಡಿ ತೋರ್ಸು” ಅಂದಳು, ಆಗಲೇ ನಗೋಕೆ ತಯಾರಾಗಿ.

ನನಗೆ ಬರುತ್ತೆ. ಆ ಕೆಮ್ಮು, ಆ ಎಳೆತ, ಎಲ್ಲಾ ಬರುತ್ತೆ. “ನೆನಪಿಲ್ಲ ಪುಟ್ಟಾ” ಅಂದೆ.