ಸುಳ್ಳು ಗ್ರಹ ಬಿತ್ತುವ ಮಾವ

ಮಾವ ಬಚ್ಚಲಲ್ಲಿ ಜಾರಿ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ಈ ಯೋಚನೆ ತಲೆಯೊಳಗೆ ಹೊಕ್ಕು ಒಂದು ವಾರವಾಯಿತು, ಹೊರಗೆ ಹೋಗುವ ಲಕ್ಷಣವೇ ಇಲ್ಲ. ಹಾಲಿನ ಬಾಟಲಿ ಕುದಿಸುವಾಗಲೂ ಅದೇ, ಮಗುವಿನ ಬಟ್ಟೆ ಹಿಂಡುವಾಗಲೂ ಅದೇ, ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವಾಗಲೂ ಅದೇ.

"ಚಿಂತೆ ಮಾಡೋಕೆ ಏನೂ ಇಲ್ಲದಿದ್ರೆ ಅದೂ ಒಂದು ಚಿಂತೆ ನಿನಗೆ," ಎಂದ ಗಂಡ, ಶೂ ಲೇಸು ಕಟ್ಟುತ್ತ. "ಒಂದು ಫೋನ್ ಮಾಡಿ ಕೇಳಿಬಿಡು. ಅಷ್ಟೇ ತಾನೆ?"

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಮಾವ ಅಂದರೆ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ನಾವಿಬ್ಬರೂ ಒಂದೇ ಸಂಸ್ಥೆಯಲ್ಲಿ ಕೆಲಸಕ್ಕಿದ್ದೇವೆ. ಬಾಹ್ಯಾಕಾಶದಲ್ಲಿರುವ ಒಂದು ದೂರದರ್ಶಕ ಸಾವಿರಾರು ನಕ್ಷತ್ರಗಳನ್ನು ಎವೆಯಿಕ್ಕದೆ ನೋಡುತ್ತಿರುತ್ತದೆ. ನಕ್ಷತ್ರದ ಮುಂದೆ ಅದರದೇ ಗ್ರಹವೊಂದು ಹಾದುಹೋದರೆ ಬೆಳಕು ಕೂದಲೆಳೆಯಷ್ಟು ಕುಗ್ಗಿ ಮತ್ತೆ ಏರುತ್ತದೆ. ನಮ್ಮ ಪರದೆಯ ಮೇಲೆ ಆ ಬೆಳಕು ಒಂದು ಗೆರೆ, ಆ ಕುಗ್ಗು ಗೆರೆಯಲ್ಲೊಂದು ಗುಳಿ. ಗುಳಿ ಹುಡುಕಿ, ಅದು ಗ್ರಹವೋ ಅಲ್ಲವೋ ಎಂದು ತೀರ್ಪು ಬರೆಯುವುದು ನನ್ನಂಥವರ ಕೆಲಸ. ಆದರೆ ನಮ್ಮ ಕಣ್ಣನ್ನು ಎಷ್ಟು ನಂಬಬಹುದು? ಅದನ್ನು ಪರೀಕ್ಷಿಸಲು ಯಾರಾದರೂ ನಿಜವಾದ ಗೆರೆಗಳ ನಡುವೆ ಗುಟ್ಟಾಗಿ ಸುಳ್ಳು ಗುಳಿಗಳನ್ನು ಬಿತ್ತಬೇಕು. ಆ ಯಾರಾದರೂ ಎಂದರೆ ನಮ್ಮ ಮಾವ.

"ತಕ್ಕಡಿ ಸರಿ ಇದೆಯಾ ನೋಡೋಕೆ ತೂಕ ಗೊತ್ತಿರೋ ಕಲ್ಲು ಇಡ್ತಾರಲ್ಲ ಅಕ್ಕ, ಹಾಗೆ," ಎಂದು ಒಮ್ಮೆ ಅಮ್ಮನಿಗೆ ಬಿಡಿಸಿ ಹೇಳಿದ್ದರು.

"ಅಂದ್ರೆ ಸುಳ್ಳು ಹೇಳೋಕೆ ಸಂಬಳ ಕೊಡ್ತಾರಾ ನಿನಗೆ?"

"ಕೊಡ್ತಾರೆ. ಸುಳ್ಳು ಮಾತ್ರ ಅಚ್ಚುಕಟ್ಟಾಗಿರಬೇಕು."

ಸಂಸ್ಥೆಯಲ್ಲಿ ಅವರಿಗೆ ಸುಳ್ಳು ಮೇಷ್ಟ್ರು ಎಂದೇ ಹೆಸರು. ಅವರ ಕೋಣೆ ಕಾರಿಡಾರಿನ ಕೊನೆಯಲ್ಲಿ, ಲಿಫ್ಟಿನ ಯಂತ್ರ ಗುಂಯ್‌ಗುಡುವ ಗೋಡೆಗೆ ಅಂಟಿಕೊಂಡಿದೆ. ಬಾಗಿಲ ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿದ್ದಾರೆ. ಹುಡುಕುವವರೂ ಬಿತ್ತುವವರೂ ಒಬ್ಬರೊಡನೊಬ್ಬರು ಕೆಲಸದ ಮಾತಾಡಬಾರದು. ಆಡಿದರೆ ಹುಡುಕುವವರ ಆ ವರ್ಷದ ತೀರ್ಪುಗಳೆಲ್ಲ ರದ್ದು. ವರ್ಷದ ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ಮಾವ ಎದ್ದು ನಿಂತು, ಇದು ನನ್ನದು, ಇದು ಆಕಾಶದ್ದು ಎಂದು ಒಂದೊಂದಾಗಿ ಬಿಡಿಸುತ್ತಾರೆ. ಅವರಿಗೆ ಬಾಯಿ ಬರುವುದು ಆ ಒಂದು ದಿನ. ಉಳಿದ ದಿನಗಳಲ್ಲಿ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಒಬ್ಬರೇ ಊಟ ಮಾಡುತ್ತಾರೆ. ಅತ್ತೆ ಇದ್ದಾಗ ಮನೆಯಲ್ಲಾದರೂ ಮಾತಿತ್ತು. ಅತ್ತೆ ಹೋದಮೇಲೆ ಅದೂ ನಿಂತಿತು. ಮಕ್ಕಳಿಲ್ಲ.

ನನಗೆ ಈ ಹುಚ್ಚು ಹತ್ತಿಸಿದವರೇ ಅವರು. ಚಿಕ್ಕವಳಿದ್ದಾಗ ಟೇಬಲ್ ಲ್ಯಾಂಪಿನ ಮುಂದೆ ದಾರಕ್ಕೆ ಕಟ್ಟಿದ ಅಂಗಿಯ ಗುಂಡಿಯೊಂದನ್ನು ಮೆಲ್ಲಗೆ ಹಾಯಿಸಿ, "ಬೆಳಕು ಕಮ್ಮಿ ಆಯ್ತಾ?" ಎನ್ನುವರು. "ಇಲ್ಲ" ಎಂದರೆ, "ಆಗಿದೆ ಪುಟ್ಟಿ, ನಿನಗೆ ಗೊತ್ತಾಗ್ಲಿಲ್ಲ ಅಷ್ಟೆ." ಆ ಮಾತು ನನ್ನನ್ನು ಓದಿಸಿತು, ಈ ಕೆಲಸಕ್ಕೂ ತಂದು ಕೂರಿಸಿತು. ಕೆಲಸದ ಆದೇಶ ಹಿಡಿದುಕೊಂಡು ಅವರ ಮನೆಗೆ ಓಡಿದರೆ ಮಾವ ಅದನ್ನು ಓದಿ, ಮಡಿಸಿ ನನ್ನ ಕೈಗೇ ಕೊಟ್ಟರು.

"ನನ್ನ ಮುಖ ನಿನಗೆ ತೊಟ್ಟಿಲಿನಿಂದ ಗೊತ್ತು. ನನ್ನ ಹುಬ್ಬು ಅಲುಗಿದ್ರೆ ಸಾಕು, ಯಾವುದು ಸುಳ್ಳು ಅಂತ ಕಂಡುಹಿಡಿದುಬಿಡ್ತೀಯ. ನೀನು ಹುಡುಕೋ ಕೆಲಸದಲ್ಲಿರೋ ತನಕ ನಾನು ನಿಮ್ಮನೆಗೆ ಬರಲ್ಲ. ನೀನೂ ಬರಬೇಡ."

"ರೂಲ್ಸು ಕೆಲಸದ ಮಾತಿಗೆ ಮಾತ್ರ ಮಾವ."

"ಮಾತು ನೀರಿದ್ದ ಹಾಗೆ. ಎಲ್ಲಿ ಜಿನುಗುತ್ತೋ ಹೇಳೋಕಾಗಲ್ಲ."

ಅಮ್ಮ ಬೈದಳು, ಅತ್ತಳು, ಕೊನೆಗೆ ಸುಮ್ಮನಾದಳು. ಮಾವ ಆಡಿದ ಮಾತಿಗೆ ತಪ್ಪುವವರಲ್ಲ. ಮಗು ಹುಟ್ಟಿದಾಗ ಒಮ್ಮೆ ಬಂದರು. ಹೊಸ್ತಿಲಲ್ಲೇ ನಿಂತು, ದೊಡ್ಡ ಗುಂಡಿಗಳಿದ್ದ ಉಣ್ಣೆಯ ಟೋಪಿಯೊಂದನ್ನು ನನ್ನ ಕೈಗಿಟ್ಟು, ಮಲಗಿದ್ದ ಮಗುವನ್ನು ದೂರದಿಂದ ನೋಡಿ ಹೊರಟುಹೋದರು. ಅವರು ಮೆಟ್ಟಿಲಿಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಕತ್ತರಿ ತಂದು ಗುಂಡಿಗಳನ್ನೆಲ್ಲ ಕಿತ್ತದ್ದು. ಮಗು ನುಂಗಿಬಿಟ್ಟರೆ?

ಹೆರಿಗೆಯ ರಜೆ ಮುಗಿದಮೇಲೆ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಮೇಜು, ಕಾಲಿಗೆ ತಾಗುವಂತೆ ತೊಟ್ಟಿಲು. ಒಂದು ಕಾಲು ತೂಗುತ್ತಿರುತ್ತದೆ, ಎರಡು ಕಣ್ಣು ಗೆರೆಗಳ ಮೇಲೆ. ಗಂಡ ಸಂಜೆ ಬರುವವರೆಗೆ ನನ್ನೊಂದಿಗೆ ಮಾತಾಡುವವರಿಲ್ಲ. ಇಂಥ ಹೊತ್ತಿನಲ್ಲೇ ನನಗೆ ಮಾವನ ಕೈ ಗುರುತು ಸಿಕ್ಕತೊಡಗಿತು. ಸಾರಿನ ರುಚಿಯಿಂದಲೇ ಯಾರ ಕೈ ಅಡುಗೆಯೆಂದು ಹೇಳುತ್ತೇವಲ್ಲ, ಹಾಗೆ. ಅವರು ಬಿತ್ತುವುದು ಯಾರೂ ತಿರುಗಿ ನೋಡದ ಸಣ್ಣ, ಮಂಕು ನಕ್ಷತ್ರಗಳಲ್ಲಿ. ಗುಳಿಯ ಅಂಚನ್ನು ಅಷ್ಟು ನಾಜೂಕಾಗಿ ಇಳಿಸುತ್ತಾರೆ, ಸೀರೆಗೆ ಅಂಚು ಹೊಲಿದ ಹಾಗೆ. ಖಾತ್ರಿಯೇನಿಲ್ಲ, ಬರೀ ಅನಿಸಿಕೆ. ತೀರ್ಪು ಬರೆಯುವಾಗ ಗೆರೆ ಹೇಳಿದಷ್ಟನ್ನೇ ಬರೆಯುತ್ತಿದ್ದೆ. ಆದರೂ ಅಂಥದೊಂದು ಗುಳಿ ಕಂಡರೆ ಮನಸ್ಸು ಹಗುರಾಗುತ್ತಿತ್ತು. ಸದ್ಯ, ಮಾವ ಚೆನ್ನಾಗಿದ್ದಾರೆ.

ಹೋದ ವಾರ ಸಿಕ್ಕ ಗುಳಿಗೂ ಅದೇ ನಾಜೂಕಿನ ಅಂಚಿತ್ತು. ನಕ್ಷತ್ರದ ವಿವರ ತೆಗೆದು ನೋಡಿದೆ. ಅದು ಸಣ್ಣ ನಕ್ಷತ್ರವಲ್ಲ, ಮುಪ್ಪಿನಲ್ಲಿ ಊದಿಕೊಂಡ ದೈತ್ಯ, ನಮ್ಮ ಸೂರ್ಯನ ಹನ್ನೊಂದು ಪಟ್ಟು ದಪ್ಪ. ಎರಡೇ ದಿನಕ್ಕೊಂದು ಸುತ್ತು ಹಾಕುವಷ್ಟು ಹತ್ತಿರದ ಗ್ರಹ ಅಲ್ಲಿದ್ದರೆ ಅದು ನಕ್ಷತ್ರದ ಹೊಟ್ಟೆಯೊಳಗೇ ಸುತ್ತಬೇಕು. ಮೊದಲ ವರ್ಷದ ವಿದ್ಯಾರ್ಥಿಯೂ ಮಾಡದ ತಪ್ಪು. ಮಾವ ಇಂಥದನ್ನು ಎಂದೂ ಮಾಡಿದವರಲ್ಲ.

ಆಮೇಲೆ ಏನು ಕೇಳುತ್ತೀರಿ! ಮರೆವಿನ ರೋಗವೇ, ಮಿದುಳಿಗೆ ರಕ್ತ ಹೋಗುತ್ತಿಲ್ಲವೇ ಎಂದು ಮೊಬೈಲಿನಲ್ಲಿ ಹುಡುಕಿದೆ. ಮೊಬೈಲಿನಲ್ಲಿ ಹುಡುಕಿದರೆ ಇಲ್ಲದ ರೋಗ ಯಾವುದಿದೆ? ಮುಖ್ಯಸ್ಥೆ ಮೇಡಂ ಬೇರೆ ಈಚೆಗೆ ಹೇಳಿದ್ದರು: "ಮುಂದಿನ ವರ್ಷದಿಂದ ಬಿತ್ತನೆ ಯಂತ್ರಕ್ಕೇ ಕೊಡೋಣ ಅಂತ ಮೇಲಿನವರಿಗಿದೆ. ಸುಳ್ಳು ಮೇಷ್ಟ್ರು ತಪ್ಪು ಮಾಡಲ್ವಲ್ಲ, ಅದಕ್ಕೇ ತಡೆದಿದ್ದೀವಿ." ಗುಟ್ಟು ಬಿಡಿಸುವ ದಿನ ಬರುವ ಶುಕ್ರವಾರ. ಮಾವ ಎದ್ದು ನಿಂತು ಇದು ನನ್ನದು ಎನ್ನುತ್ತಾರೆ, ಸಭೆ ಗೊಳ್ಳೆಂದು ನಗುತ್ತದೆ. ಅದಕ್ಕೆ ಮುಂಚೆ ಗೊತ್ತಾದರೆ ಬಿತ್ತಿದ್ದನ್ನು ಅವರೇ ಹಿಂದಕ್ಕೆ ಪಡೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಅವರಿಗೆ ಹೇಳುವವರು ಯಾರು?

ನಾನು ಹೇಳಿದರೆ ನನ್ನ ವರ್ಷ ಹೋಗುತ್ತದೆ. ಹೋಗಲಿ ಎನ್ನುವುದು ಸುಲಭವಾಗಿರಲಿಲ್ಲ. ಈ ವರ್ಷದ ಗೆರೆಗಳಲ್ಲಿ ನನಗೊಂದು ಪುಟ್ಟ ಗುಳಿ ಸಿಕ್ಕಿತ್ತು, ಉಗುರಿನಲ್ಲಿ ಗೀರಿದಷ್ಟು. ಅದು ಮಾವನದಲ್ಲ, ಆಕಾಶದ್ದೇ ಎಂದು ನನ್ನ ಜೀವ ಹೇಳುತ್ತಿತ್ತು. ಬೇರೆ ಯಾರೂ ಅದನ್ನು ನೋಡಿಲ್ಲ. ನನ್ನ ತೀರ್ಪು ರದ್ದಾದರೆ ಆ ಗೆರೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರ ಕಣ್ಣಿಗೆ ಬಿದ್ದರೆ ಅವರ ಹೆಸರು, ಬೀಳದಿದ್ದರೆ ಆ ಗ್ರಹ ಅಲ್ಲೇ, ಯಾರಿಗೂ ಕಾಣದೆ, ಒಂಟಿಯಾಗಿ ಸುತ್ತುತ್ತಿರುತ್ತದೆ.

ಹಾಗೆ ಯೋಚಿಸುತ್ತಿದ್ದಾಗಲೇ ಕಣ್ಣಿಗೆ ಕಟ್ಟಿದ್ದು ಗೋಡೆಗೆ ಮುಖ ಮಾಡಿ ಊಟ ಮಾಡುವ ಮಾವ.

ಮಂಗಳವಾರ ಮಧ್ಯಾಹ್ನ ಮಗುವನ್ನು ಮಲಗಿಸಿ ಮೇಡಂಗೆ ಮೇಲ್ ಬರೆದೆ: ಬಿತ್ತುವವರೊಂದಿಗೆ ಕೆಲಸದ ಮಾತಾಡಬೇಕಾಗಿ ಬಂದಿದೆ, ಈ ವರ್ಷದ ನನ್ನ ತೀರ್ಪುಗಳನ್ನು ರದ್ದು ಮಾಡಿ. ಕಳಿಸಿಬಿಟ್ಟೆ. ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದ್ದೇನೆಯೇ ಎಂದು ಸುಮ್ಮನೆ ನೋಡಿ ಬಂದೆ. ಆಮೇಲೆ ಫೋನ್ ಎತ್ತಿಕೊಂಡೆ.

ರಿಂಗ್ ಆಗುತ್ತಲೇ ಇತ್ತು. ಬಚ್ಚಲು, ಒದ್ದೆ ನೆಲ, ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಎಲ್ಲವೂ ಕಣ್ಣ ಮುಂದೆ ಹಾದುಹೋದವು.

"ಯಾರು?"

"ನಾನು ಮಾವ, ಪುಟ್ಟಿ."

"ಯಾಕೆ ಮಾಡಿದೆ? ಇನ್ನು ಮೂರೇ ದಿನ ಇತ್ತು. ಇಡು ಫೋನು!"

"ನಾನು ಈ ವರ್ಷದಿಂದ ಹೊರಗೆ ಬಂದೆ. ಮೇಡಂಗೆ ಬರೆದಾಯ್ತು. ಈಗ ಮಾತಾಡಬಹುದು."

"ಹುಚ್ಚಿ! ಯಾರು ಹೇಳಿದ್ರು ನಿನಗೆ?"

"ನಿಮ್ಮದೊಂದು ಗ್ರಹ ನಕ್ಷತ್ರದ ಹೊಟ್ಟೆಯೊಳಗೆ ಸುತ್ತುತ್ತಾ ಇದೆ ಮಾವ. ಆ ನಕ್ಷತ್ರದ ದಪ್ಪ ಹನ್ನೊಂದು. ನೀವು ಒಂದು ಪಾಯಿಂಟ್ ಒಂದು ಅಂದ್ಕೊಂಡಿದ್ದೀರಿ ಅನ್ಸುತ್ತೆ."

ಅವರ ಉಸಿರು ಮಾತ್ರ ಕೇಳುತ್ತಿತ್ತು. ಉಸಿರು ಕೇಳಿದರೆ ನನಗೆ ಅಷ್ಟೇ ಧೈರ್ಯ.

"ಬಲಗಣ್ಣು ಮಂಜಾಗಿದೆ ಕಣೇ," ಎಂದರು ಕೊನೆಗೆ. "ಎಡಗಣ್ಣೂ ಅದರ ಹಾದಿಯಲ್ಲೇ ಇದೆ. ಅಂಕಿ ಮಧ್ಯದ ಬಿಂದು ಎಲ್ಲಿದೆ ಅಂತ ಅಂದಾಜಿನ ಮೇಲೆ ಓದ್ತಾ ಇದ್ದೆ."

"ಯಾರಿಗಾದ್ರೂ ಹೇಳಿದ್ರಾ?"

"ಯಾರಿಗೆ ಹೇಳ್ಲಿ?"

"ನಾಳೆ ಬೆಳಿಗ್ಗೆ ರೆಡಿಯಾಗಿರಿ, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ," ಎಂದೆ. "ಅದಕ್ಕೆ ಮುಂಚೆ ಆ ಗ್ರಹ ವಾಪಸ್ ತಗೊಳ್ಳಿ. ಮತ್ತೆ ಬಚ್ಚಲಲ್ಲಿ ನೀರು ನಿಲ್ಲದ ಹಾಗೆ ನೋಡ್ಕೊಳ್ಳಿ."

"ಬಚ್ಚಲಲ್ಲಿ ಏನಾಯ್ತೇ?"

"ಏನೂ ಆಗಿಲ್ಲ. ಆಗಬಾರದಲ್ಲ, ಅದಕ್ಕೆ."

ಮಾವ ನಕ್ಕರು. ಆ ಸದ್ದಿಗೋ ಏನೋ, ತೊಟ್ಟಿಲಲ್ಲಿ ಮಗು ಎಚ್ಚರವಾಗಿ ಕೂಗಿತು.

"ಅದು ಯಾರು?"

"ಇನ್ಯಾರು, ನಿಮ್ಮ ಮೊಮ್ಮಗಳು."

"ಅವಳ ದನಿ ನಾನು ಕೇಳೇ ಇಲ್ಲ," ಎಂದರು ಮಾವ. "ಫೋನು ಸ್ವಲ್ಪ ಅವಳ ಹತ್ತಿರ ಹಿಡಿ ಪುಟ್ಟಿ."

ನಾನು ಹಿಡಿದೆ.